ನಿಮ್ಮ ಸ್ವಂತ ಸೈಟ್ ತೆಗೆದ್ರೆ ಬ್ರೌಸರ್ ಹೆದರಿಸ್ತಿದ್ಯಾ? ಎಲ್ಲಿಂದ ಹುಡುಕ್ಬೇಕು, ಹೇಗೆ ಸರಿ ಮಾಡ್ಬೇಕು

ಮೊದ್ಲೇ ಹೇಳ್ಬಿಡ್ತೀನಿ, ಯಾರಾದ್ರೂ "ನಿನ್ ಸೈಟ್ ತೆಗೆದ್ರೆ ಏನೋ ಕೆಂಪಗೆ ವಾರ್ನಿಂಗ್ ಬರ್ತಿದೆ" ಅಂತ ಮೆಸೇಜ್ ಮಾಡಿದ್ರೆ "ಕ್ಯಾಶ್ ಕ್ಲಿಯರ್ ಮಾಡಿ ನೋಡು" (ಬ್ರೌಸರ್ ಉಳಿಸ್ಕೊಂಡಿರೋ ಹಳೇ ಕಾಪಿ ಅಳಿಸು) ಅಂತ ಮಾತ್ರ ಉತ್ತರ ಕೊಡ್ಬೇಡಿ. ದಾವಣಗೆರೆಲಿರೋ ನನ್ನ ಕಸಿನ್‌ಗೆ ನಾನು ಅದನ್ನೇ ಹೇಳ್ದೆ, ಅವ್ನು ಪಾಪ ಹಾಗೇ ಮಾಡ್ದ, ಮತ್ತೆ ಬಂತು ಅಂದ, ಫೋನ್ ರೀಸ್ಟಾರ್ಟ್ ಮಾಡು ಅಂದೆ, ನನ್ನ ಲ್ಯಾಪ್‌ಟಾಪಲ್ಲಿ ಚೆನ್ನಾಗೇ ಬರ್ತಿತ್ತಲ್ಲ, ಹಾಗಾಗಿ ಅವನ ಫೋನೇ ಸರಿಯಿಲ್ಲ ಅಂತ ತೀರ್ಮಾನ ಮಾಡಿ ಎರಡು ತಿಂಗಳು ಸುಮ್ನಿದ್ದೆ. ಆಮೇಲೆ ಒಂದಿನ ನನ್ನ ಲ್ಯಾಪ್‌ಟಾಪಲ್ಲೂ ಅದೇ ಕೆಂಪು ತ್ರಿಕೋನ ಬಂತು. ತಪ್ಪು ಪೂರ್ತಿ ನಂದೇ, ಏನಾಗಿತ್ತು ಅಂತ ಮುಂದೆ ಹೇಳ್ತೀನಿ. ಅವತ್ತಿಂದ ಕಲ್ತಿದ್ದು ಇಷ್ಟು: ಬ್ರೌಸರ್ ಸುಮ್ಸುಮ್ನೆ ಹೆದರಿಸಲ್ಲ, ಏನ್ ತೊಂದ್ರೆ ಅಂತ ಅಲ್ಲೇ ಬರೆದಿರುತ್ತೆ, ನಾವು ಓದಲ್ಲ ಅಷ್ಟೆ.

ಹಂತ 1: ಯಾವ ವಾರ್ನಿಂಗು ಅಂತ ನೋಡಿ

ಎಲ್ಲಾ ವಾರ್ನಿಂಗೂ ಒಂದೇ ಅಲ್ಲ. ಅಡ್ರೆಸ್ ಬಾರ್ ಪಕ್ಕ ಸಣ್ಣದಾಗಿ "ನಾಟ್ ಸೆಕ್ಯೂರ್" ಅಂತ ಮಾತ್ರ ಬರ್ತಿದ್ದು ಪೇಜ್ ಓಪನ್ ಆಗ್ತಿದ್ರೆ ಒಂದಾ ನಿಮ್ಮ ಸೈಟು ಎಚ್‌ಟಿಟಿಪಿಎಸ್ (ನಡುವೆ ಯಾರೂ ಓದದ ಹಾಗೆ ಬೀಗ ಹಾಕಿ ಕಳ್ಸೋ ದಾರಿ) ಇಲ್ದೆ ಬೀಗ ಇಲ್ಲದ ಹಳೇ ಎಚ್‌ಟಿಟಿಪಿಲಿ ಬರ್ತಿದೆ, ಇಲ್ಲಾಂದ್ರೆ ಎಚ್‌ಟಿಟಿಪಿಎಸ್ ಇದೆ ಆದ್ರೆ ಪೇಜೊಳಗಿನ ಯಾವ್ದೋ ಫೋಟೋ ಆ ಹಳೇ ದಾರಿಲಿ ಬರ್ತಿದೆ. ಕ್ರೋಮ್ 2018ರ ಜುಲೈಯಿಂದ, ಅಂದ್ರೆ ವರ್ಷನ್ 68ರಿಂದ, ಎಚ್‌ಟಿಟಿಪಿ ಸೈಟುಗಳಿಗೆಲ್ಲ ಈ ಹಣೆಪಟ್ಟಿ ಹಚ್ತಿದೆ, ನಿಮ್ಮ ಸೈಟಲ್ಲಿ ಲಾಗಿನ್ ಇರ್ಲಿ ಬಿಡ್ಲಿ, ಬರೀ ಅಜ್ಜಿ ಅಡುಗೆ ರೆಸಿಪಿನೇ ಇರ್ಲಿ.

ಎರಡ್ನೇದು ಪೂರ್ತಿ ಪೇಜ್ ಮುಚ್ಚಿ "ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್" ಅನ್ನೋದು. ಇದ್ರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಒಂದು ಕೋಡ್ ಇರುತ್ತೆ. ಅದೇ ಮುಖ್ಯ. ಸ್ಕ್ರೀನ್‌ಶಾಟ್ ಕಳ್ಸೋರು ಯಾವಾಗ್ಲೂ ತ್ರಿಕೋನ ಮಾತ್ರ ಬರೋ ಹಾಗೆ ಕ್ರಾಪ್ ಮಾಡಿ ಕಳ್ಸ್ತಾರೆ, ಕೇಳಿ ಪೂರ್ತಿ ತರಿಸ್ಕೊಳ್ಳಿ.

ಮೂರ್ನೇದು ಇಡೀ ಸ್ಕ್ರೀನೇ ಕೆಂಪಾಗಿ "ಡೇಂಜರಸ್ ಸೈಟ್" ಅಂತ ಬರೋದು. ಇದಕ್ಕೂ ಸರ್ಟಿಫಿಕೇಟ್‌ಗೂ (ಈ ಸೈಟ್ ನಿಜವಾಗ್ಲೂ ಇದೇ ಹೆಸರಿಂದು ಅಂತ ಬ್ರೌಸರಿಗೆ ತೋರ್ಸೋ ಸಹಿ ಹಾಕಿದ ಗುರುತಿನ ಚೀಟಿ, ಎಚ್‌ಟಿಟಿಪಿಎಸ್ಸಿಗೆ ಇದು ಬೇಕು) ಸಂಬಂಧನೇ ಇಲ್ಲ, ಇದು ಅಪಾಯದ ಸೈಟುಗಳ ಗೂಗಲ್ ಸೇಫ್ ಬ್ರೌಸಿಂಗ್ ಲಿಸ್ಟಲ್ಲಿ ನಿಮ್ಮ ಸೈಟ್ ಸೇರಿದೆ ಅಂತ. ಫೈರ್‌ಫಾಕ್ಸು ಸಫಾರಿನೂ ಅದೇ ಲಿಸ್ಟ್ ಬಳಸ್ತವೆ, ಹಾಗಾಗಿ "ಬೇರೆ ಬ್ರೌಸರಲ್ಲಿ ನೋಡಿ" ಅಂದ್ರೆ ಉಪಯೋಗ ಇಲ್ಲ. ಈ ಥರ ಬಂದಿದ್ರೆ ಸೀದಾ ಹಂತ 6ಕ್ಕೆ ಹೋಗಿ, ನಡುವೆ ಇರೋದು ನಿಮ್ಗಲ್ಲ.

ಹಂತ 2: ತೊಂದ್ರೆ ನಿಮ್ದಾ, ನೋಡೋರ್ದಾ

ನಿಜವಾಗ್ಲೂ ನೋಡೋರ ಕಡೆ ತಪ್ಪಿರೋದೂ ಉಂಟು. ಹಳೇ ಡೆಸ್ಕ್‌ಟಾಪಲ್ಲಿ ಮದರ್‌ಬೋರ್ಡ್ ಬ್ಯಾಟ್ರಿ ಸತ್ತೋಗಿದ್ರೆ ಕರೆಂಟ್ ಹೋಗಿ ಬಂದಾಗೆಲ್ಲ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತೆ, ಆಗ ಎಲ್ಲಾ ಸೈಟಿಗೂ ವಾರ್ನಿಂಗ್ ಬರುತ್ತೆ, ನಿಮ್ಮದಕ್ಕೆ ಮಾತ್ರ ಅಲ್ಲ. ಹಾಸ್ಟೆಲ್ಲು ಹೋಟೆಲ್ಲುಗಳ ವೈಫೈಲಿ ಲಾಗಿನ್ ಪೇಜ್ ತೋರ್ಸೋಕೆ ನಡುವೆ ಕೈ ಹಾಕ್ದಾಗ್ಲೂ ಬರುತ್ತೆ, ಕೆಲವು ಆ್ಯಂಟಿವೈರಸ್ಸೂ ಹೀಗೇ ನಡುವೆ ಕೂತು ತನ್ನದೇ ಸರ್ಟಿಫಿಕೇಟ್ ತೋರ್ಸುತ್ತೆ. ಇನ್ನು ಆಂಡ್ರಾಯ್ಡ್ 7.1.1ಕ್ಕಿಂತ ಹಳೇ ಫೋನಲ್ಲಿ ಫ್ರೀಯಾಗಿ ಸರ್ಟಿಫಿಕೇಟ್ ಕೊಡೋ ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆಯ ರೂಟ್ ಸರ್ಟಿಫಿಕೇಟೇ, ಅಂದ್ರೆ ಅವರ ಸಹಿ ನಂಬೋಕೆ ಬೇಕಾದ ಮೂಲ ಸರ್ಟಿಫಿಕೇಟೇ, ಇರಲ್ಲ, ಅಂಥವರಿಗೆ ಮೊದ್ಲೆಲ್ಲ ಫೈರ್‌ಫಾಕ್ಸ್ ಹಾಕ್ಕೊಳ್ಳಿ ಅನ್ಬಹುದಿತ್ತು, ಅದು ತನ್ನ ರೂಟ್ ಪಟ್ಟಿ ತಾನೇ ಇಟ್ಕೊಂಡಿರುತ್ತೆ, ಈಗ ಅದ್ರ ಹೊಸ ವರ್ಷನ್ ಅಷ್ಟು ಹಳೇ ಫೋನಿಗೆ ಬರಲ್ಲ.

ಆದ್ರೆ ಇದನ್ನ ಊಹೆ ಮೇಲೆ ಹೇಳ್ಬಾರ್ದು. ಕ್ವಾಲಿಸ್‌ನ ಎಸ್‌ಎಸ್‌ಎಲ್ ಲ್ಯಾಬ್ಸ್ ಅಂತ ಫ್ರೀ ಟೆಸ್ಟ್ ಇದೆ, ನಿಮ್ಮ ಡೊಮೇನ್ ಹಾಕಿ ಒಂದೆರಡು ನಿಮಿಷ ಕಾದ್ರೆ ಹೊರಗಿಂದ ನೋಡೋರಿಗೆ ಏನ್ ಕಾಣ್ಸುತ್ತೆ ಅಂತ ಪೂರ್ತಿ ಜಾತಕ ತೆಗ್ದು ಇಡುತ್ತೆ. ಅದ್ರ ಜೊತೆಗೆ ಒಂದ್ಸಲ ಮನೆ ವೈಫೈಲಿ, ಒಂದ್ಸಲ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಓಪನ್ ಮಾಡಿ ನೋಡಿ. ಈ ಎರಡ್ನೇ ಕೆಲಸ ನಾನು ಮಾಡಿದ್ರೆ ನನ್ನ ಕಥೆ ಐದು ನಿಮಿಷಕ್ಕೆ ಮುಗೀತಿತ್ತು.

ಹಂತ 3: ಕೋಡ್ ಏನ್ ಹೇಳುತ್ತೆ

ಕ್ರೋಮಲ್ಲಿ ಬರೋ ಕೋಡಿನ ಕೊನೆ ಪದಗಳನ್ನ ನೋಡಿ. "ಸರ್ಟ್ ಡೇಟ್ ಇನ್‌ವ್ಯಾಲಿಡ್" ಅಂದ್ರೆ ತಾರೀಕು ಮುಗಿದಿದೆ. "ಸರ್ಟ್ ಕಾಮನ್ ನೇಮ್ ಇನ್‌ವ್ಯಾಲಿಡ್" ಅಂದ್ರೆ ಸರ್ಟಿಫಿಕೇಟಲ್ಲಿರೋ ಹೆಸ್ರು ಬೇರೆ, ಅಡ್ರೆಸ್ ಬಾರಲ್ಲಿರೋ ಹೆಸ್ರು ಬೇರೆ. "ಸರ್ಟ್ ಅಥಾರಿಟಿ ಇನ್‌ವ್ಯಾಲಿಡ್" ಅಂದ್ರೆ ಸಹಿ ಹಾಕ್ದೋರು ಯಾರು ಅಂತ ಬ್ರೌಸರಿಗೆ ಗೊತ್ತಿಲ್ಲ.

ತಾರೀಕಿಂದು ಅತಿ ಸಾಮಾನ್ಯ. ಲೆಟ್ಸ್ ಎನ್‌ಕ್ರಿಪ್ಟ್ ಫ್ರೀಯಾಗಿ ಕೊಡೋ ಸರ್ಟಿಫಿಕೇಟ್ ಮಾಮೂಲಾಗಿ 90 ದಿನ ಇರುತ್ತೆ, ಸರ್ಟ್‌ಬಾಟ್ ಅನ್ನೋ ಪ್ರೋಗ್ರಾಮು ಇನ್ನು 30 ದಿನ ಇದೆ ಅನ್ನೋವಾಗ್ಲೇ ಹೊಸದು ತರೋಕೆ ಶುರು ಮಾಡುತ್ತೆ. ಅಂದ್ರೆ ನಿಮ್ಮದು ಎಕ್ಸ್‌ಪೈರ್ ಆಗಿದ್ರೆ ಅದು ನಿನ್ನೆ ಮೊನ್ನೆ ಕೆಟ್ಟಿದ್ದಲ್ಲ, ತಿಂಗಳಿಂದ ಸೋಲ್ತಾ ಇದೆ, ನಮಗೆ ಗೊತ್ತಾಗಿಲ್ಲ ಅಷ್ಟೆ. ಸರ್ವರಿಗೆ ಎಸ್‌ಎಸ್‌ಎಚ್ ಮಾಡೋ (ದೂರದಿಂದ ಒಳಗೆ ಹೋಗಿ ಕಮ್ಯಾಂಡ್ ಕೊಡೋ) ಥರ ನಿಮ್ಮ ಹೋಸ್ಟಿಂಗ್ ಇದ್ರೆ ಸರ್ಟ್‌ಬಾಟ್‌ನ "ಸರ್ಟಿಫಿಕೇಟ್ಸ್" ಕಮ್ಯಾಂಡ್ ಹೊಡೀರಿ, ಯಾವ್ದು ಯಾವಾಗ ಮುಗಿಯುತ್ತೆ ಅಂತ ಬರುತ್ತೆ. ಇಲ್ಲೊಂದು ತಮಾಷೆ ಇದೆ, ಎಷ್ಟೋ ಸಲ ಡಿಸ್ಕಲ್ಲಿ ಹೊಸ ಸರ್ಟಿಫಿಕೇಟ್ ಬಂದು ಕೂತಿರುತ್ತೆ, ಬ್ರೌಸರ್ ಮಾತ್ರ ಹಳೇದನ್ನೇ ತೋರಿಸ್ತಿರುತ್ತೆ, ಯಾಕಂದ್ರೆ ಸರ್ವರಲ್ಲಿ ಕೂತು ಪೇಜ್ ಕಳ್ಸೋ ಪ್ರೋಗ್ರಾಮು ಎಂಜಿನ್‌ಎಕ್ಸ್ ಆಗ್ಲಿ ಅಪಾಚೆ ಆಗ್ಲಿ ಶುರುವಾದಾಗ ಓದಿಕೊಂಡಿದ್ದನ್ನೇ ನೆನಪಲ್ಲಿ ಇಟ್ಕೊಂಡಿರ್ತವೆ, ರೀಲೋಡ್ ಮಾಡೋವರೆಗೂ ಫೈಲ್ ಬದಲಾಗಿದ್ದು ಅವಕ್ಕೆ ಗೊತ್ತಾಗಲ್ಲ. ಒಂದು ರೀಲೋಡ್ ಕಮ್ಯಾಂಡಿಗೆ ಸರಿ ಹೋಗುತ್ತೆ. ಮುಂದಕ್ಕೂ ತೊಂದ್ರೆ ಆಗ್ಬಾರ್ದು ಅಂದ್ರೆ ಅದೇ ಕಮ್ಯಾಂಡನ್ನ ಸರ್ಟ್‌ಬಾಟ್‌ನ ಡಿಪ್ಲಾಯ್ ಹುಕ್ಕಿಗೆ (ಹೊಸ ಸರ್ಟಿಫಿಕೇಟ್ ಬಂದಾಗೆಲ್ಲ ತಾನೇ ಓಡೋ ಕಮ್ಯಾಂಡ್ ಇಡೋ ಜಾಗ) ಹಾಕಿಡಿ.

ಡಿಸ್ಕಲ್ಲೂ ಹಳೇದೇ ಇದ್ರೆ "ರಿನ್ಯೂ" ಕಮ್ಯಾಂಡನ್ನ "ಡ್ರೈ ರನ್" ಜೊತೆ ಓಡ್ಸಿ. ಡ್ರೈ ರನ್ ಯಾಕೆ ಅಂದ್ರೆ ಅದು ಟೆಸ್ಟ್ ಸರ್ವರಿಗೆ ಹೋಗುತ್ತೆ, ನಿಜವಾದ್ದಕ್ಕೆ ಹೋಗಿ ಮತ್ತೆ ಮತ್ತೆ ತಲೆ ಚಚ್ಕೊಂಡ್ರೆ ಒಂದು ಹೆಸರಿಗೆ ಗಂಟೆಗೆ 5 ಸಲ ಫೇಲ್ ಆದ್ಮೇಲೆ ಸ್ವಲ್ಪ ಹೊತ್ತು ಬಾಗ್ಲು ಹಾಕ್ಬಿಡ್ತಾರೆ. ಫೇಲ್ ಆಗೋಕೆ ಕಾರಣ ಮೂರ್ನಾಲ್ಕೇ: ಪೋರ್ಟ್ 80, ಅಂದ್ರೆ ಎಚ್‌ಟಿಟಿಪಿ ಬರೋ ಬಾಗ್ಲು, ಫೈರ್‌ವಾಲಲ್ಲಿ ಮುಚ್ಚಿದೆ (ಎಚ್‌ಟಿಟಿಪಿಎಸ್ ಇದೆಯಲ್ಲ, 80 ಯಾಕೆ ಅಂತ ಮುಚ್ಚೋರು ಬಹಳ ಜನ, ಲೆಟ್ಸ್ ಎನ್‌ಕ್ರಿಪ್ಟ್‌ನೋರು ಸೈಟ್ ನಿಮ್ದೇನಾ ಅಂತ ಬಂದು ಚೆಕ್ ಮಾಡೋದೇ ಆ ಬಾಗ್ಲಲ್ಲಿ), ಇಲ್ಲಾ ಅವರು ಬಂದು ನೋಡೋ ಡಾಟ್ ವೆಲ್ ನೋನ್ ಅನ್ನೋ ಫೋಲ್ಡರನ್ನ ಯಾವ್ದೋ ಸೆಕ್ಯುರಿಟಿ ಪ್ಲಗಿನ್ನು ಬ್ಲಾಕ್ ಮಾಡಿದೆ, ಇಲ್ಲಾ ಡಿಎನ್‌ಎಸ್‌ನ (ಡೊಮೇನ್ ಹೆಸರಿಗೆ ಯಾವ ಸರ್ವರ್ ಅಂತ ಹೇಳೋ ಪಟ್ಟಿ) ಸಿಎಎ ರೆಕಾರ್ಡಲ್ಲಿ, ಅಂದ್ರೆ ಯಾರು ಸರ್ಟಿಫಿಕೇಟ್ ಕೊಡ್ಬಹುದು ಅನ್ನೋ ಸಾಲಲ್ಲಿ, ಬೇರೆ ಕಂಪನಿ ಹೆಸ್ರಿದೆ. ಇನ್ನೊಂದು ನಮ್ಮ ಕಡೆಯೋರು ಜಾಸ್ತಿ ಮಾಡೋದು, ಸ್ಪ್ಯಾಮ್ ಕಾಟ ಅಂತ "ಇಂಡಿಯಾ ಬಿಟ್ಟು ಬೇರೆ ದೇಶ ಬೇಡ" ಅಂತ ಬ್ಲಾಕ್ ಹಾಕೋದು. ಲೆಟ್ಸ್ ಎನ್‌ಕ್ರಿಪ್ಟು 2020ರಿಂದ ಪ್ರಪಂಚದ ಬೇರೆ ಬೇರೆ ಕಡೆಯಿಂದ ಒಟ್ಟಿಗೆ ಬಂದು ನೋಡುತ್ತೆ, ನೀವು ಬ್ಲಾಕ್ ಮಾಡಿದ್ರೆ ರಿನ್ಯೂ ಆಗಲ್ಲ, ಅಷ್ಟೇ ಕಥೆ.

ಸಿಪ್ಯಾನೆಲ್ ಅನ್ನೋ ಕಂಟ್ರೋಲ್ ಪೇಜ್ ಇರೋ ಶೇರ್ಡ್ ಹೋಸ್ಟಿಂಗಾದ್ರೆ (ಒಂದೇ ಸರ್ವರನ್ನ ಹಲವರು ಹಂಚ್ಕೊಂಡಿರೋದು) ಇದ್ಯಾವ್ದೂ ನಿಮ್ಮ ಕೈಲಿಲ್ಲ, "ಎಸ್‌ಎಸ್‌ಎಲ್ ಸ್ಟೇಟಸ್" ಒಳಗೆ ಹೋಗಿ "ರನ್ ಆಟೋ ಎಸ್‌ಎಸ್‌ಎಲ್" ಒತ್ತಿ, ಆಗ್ಲಿಲ್ಲ ಅಂದ್ರೆ ಅಲ್ಲೇ ಕಾರಣ ಬರ್ದಿರುತ್ತೆ, ಅದನ್ನ ಕಾಪಿ ಮಾಡಿ ಸಪೋರ್ಟಿಗೆ ಕಳ್ಸಿ. "ಸೈಟ್ ವರ್ಕ್ ಆಗ್ತಿಲ್ಲ" ಅಂತ ಮಾತ್ರ ಬರೆದ್ರೆ ಅವರೂ ಕ್ಯಾಶ್ ಕ್ಲಿಯರ್ ಮಾಡಿ ಅಂತಾರೆ.

ಹೆಸರಿನ ತೊಂದ್ರೆ ಬಂದ್ರೆ ಮೊದ್ಲು ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಹಾಕಿ ಒಂದ್ಸಲ, ಹಾಕ್ದೆ ಒಂದ್ಸಲ ನೋಡಿ. ಸರ್ಟಿಫಿಕೇಟಿನ ಲೆಕ್ಕದಲ್ಲಿ ಅವೆರಡೂ ಬೇರೆ ಬೇರೆ ಹೆಸ್ರು, ಒಂದೇ ಸರ್ಟಿಫಿಕೇಟಲ್ಲಿ ಎರಡೂ ಸೇರ್ಸಿ ತಗೋಬೇಕು. ಗಿಟ್‌ಹಬ್ ಪೇಜಸ್‌ಗೆ ಸ್ವಂತ ಡೊಮೇನ್ ಜೋಡ್ಸಿದ ಮೊದಲ ದಿನ ಈ ಎರರ್ ಬಂದ್ರೆ ಗಾಬರಿ ಬೇಡ, ಅವರು ಸರ್ಟಿಫಿಕೇಟ್ ತಯಾರಿಸೋಕೆ 24 ಗಂಟೆವರೆಗೂ ಹಿಡೀಬಹುದು, ಆಮೇಲೆ ಸೆಟ್ಟಿಂಗ್ಸಲ್ಲಿ "ಎನ್‌ಫೋರ್ಸ್ ಎಚ್‌ಟಿಟಿಪಿಎಸ್" ಟಿಕ್ ಮಾಡೋಕೆ ಬರುತ್ತೆ. ಡೊಮೇನಿಗೆ ದುಡ್ಡು ಕಟ್ಟೋದು ಮರೆತು ಅದು ಪಾರ್ಕಿಂಗ್ ಪೇಜಿಗೆ ಹೋಗಿದ್ರೂ ಇದೇ ಎರರ್ ಬರುತ್ತೆ, ಅದನ್ನೂ ಒಂದ್ಸಲ ನೋಡ್ಬಿಡಿ. ಇನ್ನು ಡಾಟ್ ಭಾರತ ಅಂತ ಕನ್ನಡದಲ್ಲೇ ಡೊಮೇನ್ ತಗೊಂಡಿದ್ರೆ ಸರ್ಟಿಫಿಕೇಟಲ್ಲಿ ನಿಮ್ಮ ಹೆಸ್ರು ಕನ್ನಡದಲ್ಲಿ ಇರಲ್ಲ, ಎಕ್ಸ್‌ಎನ್ ಅಂತ ಶುರುವಾಗಿ ಎರಡು ಡ್ಯಾಶ್ ಆದ್ಮೇಲೆ ಅರ್ಥವಿಲ್ಲದ ಅಕ್ಷರಗಳ ಸಾಲು ಇರುತ್ತೆ, ಅದಕ್ಕೆ ಪ್ಯೂನಿಕೋಡ್ ಅಂತಾರೆ, ಸರ್ವರ್ ಸೆಟ್ಟಿಂಗಲ್ಲೂ ಅದನ್ನೇ ಹಾಕ್ಬೇಕು.

ಅಥಾರಿಟಿದು ಬಂದ್ರೆ ಒಂದಾ ನೀವೇ ಸಹಿ ಹಾಕ್ಕೊಂಡ ಸೆಲ್ಫ್ ಸೈನ್ಡ್ ಸರ್ಟಿಫಿಕೇಟ್ ಇನ್ನೂ ಕೂತಿದೆ, ಇಲ್ಲಾ ನಡುವಿನ ಕೊಂಡಿ (ನಿಮ್ಮ ಸರ್ಟಿಫಿಕೇಟನ್ನ ರೂಟಿಗೆ ಜೋಡ್ಸೋ ಸರ್ಟಿಫಿಕೇಟ್) ಬಿಟ್ಟಿದೀರಾ. ಸರ್ಟ್‌ಬಾಟ್ ಕೊಡೋ ಫೋಲ್ಡರಲ್ಲಿ "ಸರ್ಟ್" ಅಂತ ಒಂದು, "ಫುಲ್‌ಚೈನ್" ಅಂತ ಒಂದು ಪೆಮ್ ಫೈಲ್ ಇರುತ್ತೆ, ಎಂಜಿನ್‌ಎಕ್ಸಿಗೆ ಫುಲ್‌ಚೈನೇ ಕೊಡ್ಬೇಕು. ಬರೀ ಸರ್ಟ್ ಕೊಟ್ರೆ ಕಂಪ್ಯೂಟರಿನ ಕ್ರೋಮ್ ತಾನೇ ಹೇಗೋ ಆ ಕೊಂಡಿ ಹುಡುಕ್ಕೊಂಡು ಚೆನ್ನಾಗಿ ತೋರ್ಸುತ್ತೆ, ಬೇರೆ ಆ್ಯಪುಗಳಲ್ಲೋ ಕರ್ಲ್ ಅನ್ನೋ ಕಮ್ಯಾಂಡಲ್ಲೋ ಫೇಲ್ ಆಗುತ್ತೆ, ಮತ್ತೆ ನಾವು "ನನ್ನಲ್ಲಿ ಬರ್ತಿದೆಯಲ್ಲ" ಅಂತೀವಿ.

ಹಂತ 4: ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ ಅಂದ್ರೆ

ಇಲ್ಲಿದೆ ನನ್ನ ಕಥೆ. ಸೈಟನ್ನ ಒಂದು ಹೋಸ್ಟಿಂದ ಇನ್ನೊಂದಕ್ಕೆ ಸಾಗ್ಸಿದ್ದೆ. ಫೈಲು, ಡೇಟಾಬೇಸು, ಹಳೇ ಸರ್ಟಿಫಿಕೇಟ್ ಎಲ್ಲಾ ಕಾಪಿ ಮಾಡ್ದೆ, ಡಿಎನ್‌ಎಸ್‌ನಲ್ಲಿ ಎ ರೆಕಾರ್ಡಿಗೆ ಹೊಸ ಐಪಿ (ಸರ್ವರಿನ ನಂಬರ್ ವಿಳಾಸ) ಹಾಕ್ದೆ, ಬಂತು, ಖುಷಿಯಾಗಿ ಮಲ್ಕೊಂಡೆ. ಎ ರೆಕಾರ್ಡ್ ಕೆಳಗೇ ಎಎಎಎ ಅಂತ ಇನ್ನೊಂದು ಇತ್ತು, ಐಪಿವಿ6 (ಹೊಸ ಥರದ ಉದ್ದನೆ ಐಪಿ) ಅಡ್ರೆಸ್‌ದು, ಅದು ಹಳೇ ಹೋಸ್ಟನ್ನೇ ತೋರಿಸ್ತಿತ್ತು. ಆ ಅಡ್ರೆಸ್ಸಲ್ಲಿ ಅಷ್ಟೊತ್ತಿಗೆ ಬೇರೆ ಯಾರದ್ದೋ ಸೈಟ್ ಬಂದು ಕೂತಿತ್ತು.

ನಮ್ಮ ಮನೆ ಬ್ರಾಡ್‌ಬ್ಯಾಂಡಲ್ಲಿ ಐಪಿವಿ6 ಇಲ್ಲ, ಹಾಗಾಗಿ ನಂಗೆ ಹೊಸ ಸರ್ವರೇ ಬರ್ತಿತ್ತು. ಕಸಿನ್ ಜಿಯೋ ಸಿಮ್ಮಲ್ಲಿ ನೋಡ್ತಿದ್ದ, ಅಲ್ಲಿ ಐಪಿವಿ6ಗೇ ಮೊದಲ ಮಣೆ, ಅವನ ಫೋನು ಸೀದಾ ಆ ಹಳೇ ಅಡ್ರೆಸ್ಸಿಗೆ ಹೋಗಿ, ಅಲ್ಲಿ ಇನ್ಯಾರದ್ದೋ ಹೆಸರಿನ ಸರ್ಟಿಫಿಕೇಟ್ ನೋಡಿ, ಇದು ನೀನು ಕೇಳಿದ ಸೈಟಲ್ಲ ಕಣಪ್ಪ ಅಂತ ಸರಿಯಾಗೇ ಹೇಳ್ತಿತ್ತು. ಫೋನಿಗಿದ್ದ ಬುದ್ಧಿ ನಂಗಿರ್ಲಿಲ್ಲ.

ಆಮೇಲೆ ರಿನ್ಯೂ ಟೈಮ್ ಬಂತು. ಲೆಟ್ಸ್ ಎನ್‌ಕ್ರಿಪ್ಟೂ ಐಪಿವಿ6 ಅಡ್ರೆಸ್ ಇದ್ರೆ ಮೊದ್ಲು ಅಲ್ಲಿಗೇ ಹೋಗೋದು, ಹೋಯ್ತು, 404 ಬಂತು, ಫೇಲ್. ಅಲ್ಲಿ ಯಾರೂ ಬಾಗ್ಲೇ ತೆಗೀದೆ ಇದ್ದಿದ್ರೆ ಹಳೇ ಐಪಿವಿ4 ದಾರಿಲಿ ಇನ್ನೊಂದ್ಸಲ ನೋಡ್ತಿತ್ತೇನೋ, ಆದ್ರೆ ಬಾಗ್ಲು ತೆಗೆದು "ಇಲ್ಲ" ಅಂತ ಹೇಳೋರು ಇದ್ರಲ್ಲ. ನಾನು ಎರಡು ರಾತ್ರಿ ಎಂಜಿನ್‌ಎಕ್ಸ್ ಕಾನ್ಫಿಗ್ ತಿದ್ದಿದ್ದೇ ತಿದ್ದಿದ್ದು, ಫೋಲ್ಡರ್ ಪರ್ಮಿಷನ್ ಬದಲಾಯ್ಸಿದ್ದೇ ಬದಲಾಯ್ಸಿದ್ದು. ಎರರ್ ಮೆಸೇಜಿನ ಶುರುವಲ್ಲೇ ಕೋಲನ್ ಕೋಲನ್ ಇರೋ ಉದ್ದನೆ ಅಡ್ರೆಸ್ ಬರ್ದಿತ್ತು, ಪ್ರತಿ ಸಲ. ಅದು ನನ್ನ ಸರ್ವರಿಂದಲ್ಲ ಅಂತ ಮೂರ್ನೇ ದಿನ ತಲೆಗೆ ಹೋಯ್ತು. ಡಿಎನ್‌ಎಸ್‌ಗೆ ಹೋಗಿ ಆ ಒಂದು ಸಾಲು ಡಿಲೀಟ್ ಮಾಡ್ದೆ, ಹಳೇ ರೆಕಾರ್ಡಿನ ಟಿಟಿಎಲ್, ಅಂದ್ರೆ ಬೇರೆಯವರು ಅದನ್ನ ನೆನಪಿಟ್ಕೊಳ್ಳೋ ಅವಧಿ, ಮುಗಿಯೋವರೆಗೂ ಕಾದೆ, ರಿನ್ಯೂ ಹೊಡ್ದೆ, ಆಯ್ತು.

ಹಾಗಾಗಿ ನೀವು ಮಾಡ್ಬೇಕಾದ್ದು: ಎಸ್‌ಎಸ್‌ಎಲ್ ಲ್ಯಾಬ್ಸ್ ರಿಪೋರ್ಟಲ್ಲಿ ನಿಮ್ಮ ಹೆಸರಿಗೆ ಎಷ್ಟು ಐಪಿ ಸಿಕ್ತು ಅಂತ ನೋಡಿ, ಪ್ರತಿಯೊಂದಕ್ಕೂ ಬೇರೆ ಬೇರೆ ಸಾಲು ಕೊಡುತ್ತೆ. ಒಂದು ಹಸಿರು, ಇನ್ನೊಂದರ ಮುಂದೆ ಹೆಸ್ರು ಹೊಂದ್ತಿಲ್ಲ ಅಂತ ಬಂದ್ರೆ ನಿಮ್ಮದೂ ಇದೇ ಕೇಸು.

ಹಂತ 5: ಪೇಜ್ ಬರುತ್ತೆ, ಆದ್ರೂ ನಾಟ್ ಸೆಕ್ಯೂರ್

ಎಚ್‌ಟಿಟಿಪಿಎಸ್ ಇದ್ದೂ ಹೀಗೆ ಬಂದ್ರೆ ಅದಕ್ಕೆ ಮಿಕ್ಸ್ಡ್ ಕಂಟೆಂಟ್ ಅಂತಾರೆ. ಕಂಪ್ಯೂಟರಲ್ಲಿ ಪೇಜ್ ತೆಗ್ದು ಎಫ್12 ಒತ್ತಿ, ಕನ್ಸೋಲ್‌ಗೆ ಹೋಗಿ ಪೇಜ್ ರಿಫ್ರೆಶ್ ಮಾಡಿ, "ಮಿಕ್ಸ್ಡ್ ಕಂಟೆಂಟ್" ಅಂತ ಶುರುವಾಗೋ ಸಾಲುಗಳಲ್ಲಿ ಯಾವ ಫೈಲ್ ಅಂತ ಪೂರ್ತಿ ವಿಳಾಸನೇ ಇರುತ್ತೆ. ಫೋಟೋಗಳನ್ನ ಕ್ರೋಮ್ ಈಗ ತಾನೇ ಎಚ್‌ಟಿಟಿಪಿಎಸ್ಸಿಗೆ ಬದಲಾಯ್ಸಿ ತರೋಕೆ ನೋಡುತ್ತೆ, ಸ್ಕ್ರಿಪ್ಟನ್ನಂತೂ ಬಿಡೋದೇ ಇಲ್ಲ, ಅದಕ್ಕೇ ವಾರ್ನಿಂಗ್ ಬರ್ದೇ ಬರೀ ಮೆನು ಕೆಲ್ಸ ಮಾಡ್ದೆ ಇರೋದೋ, ಗ್ಯಾಲರಿ ಖಾಲಿ ಇರೋದೋ ಆಗುತ್ತೆ.

ವರ್ಡ್‌ಪ್ರೆಸ್ ಆದ್ರೆ ಸೆಟ್ಟಿಂಗ್ಸ್, ಜನರಲ್‌ಗೆ ಹೋಗಿ ಎರಡೂ ಅಡ್ರೆಸ್ ಎಚ್‌ಟಿಟಿಪಿಎಸ್ ಮಾಡಿ. ಆದ್ರೆ ಅಷ್ಟಕ್ಕೆ ಮುಗಿಯಲ್ಲ, ಹತ್ತು ವರ್ಷದ ಹಿಂದೆ ಹಾಕಿದ ಪೋಸ್ಟೊಳಗಿನ ಫೋಟೋ ಲಿಂಕುಗಳೆಲ್ಲ ಹಳೇ ಥರನೇ ಡೇಟಾಬೇಸಲ್ಲಿ ಇರ್ತವೆ. ಬ್ಯಾಕಪ್ ತಗೊಂಡು (ತಗೊಂಡು ಅಂದ್ರೆ ತಗೊಂಡೇ) ಬೆಟರ್ ಸರ್ಚ್ ರಿಪ್ಲೇಸ್ ಅನ್ನೋ ಪ್ಲಗಿನ್ನಲ್ಲಿ ಹಳೇ ವಿಳಾಸ ಹುಡ್ಕಿ ಹೊಸದು ಹಾಕ್ಸಿ. ಡೇಟಾಬೇಸಿಗೆ ಸೀದಾ ಕೈ ಹಾಕಿ ಬದಲಾಯ್ಸೋಕೆ ಹೋಗ್ಬೇಡಿ, ವರ್ಡ್‌ಪ್ರೆಸ್ಸು ಕೆಲವು ಸೆಟ್ಟಿಂಗನ್ನ ಅಕ್ಷರ ಎಣಿಸಿ ಬರೆದಿಟ್ಕೊಂಡಿರುತ್ತೆ, ನೀವು ಒಂದು ಎಸ್ ಸೇರ್ಸಿದ್ರೆ ಲೆಕ್ಕ ತಪ್ಪಿ ಥೀಮ್ ಸೆಟ್ಟಿಂಗೆಲ್ಲ ಹಾರೋಗುತ್ತೆ.

ಕ್ಲೌಡ್‌ಫ್ಲೇರ್ (ನೋಡೋರಿಗೂ ನಿಮ್ಮ ಸರ್ವರಿಗೂ ನಡುವೆ ಕೂರೋ ಸೇವೆ) ಇಟ್ಕೊಂಡೋರಿಗೆ ಒಂದು ಮಾತು. ಅಲ್ಲಿ "ಫ್ಲೆಕ್ಸಿಬಲ್" ಅನ್ನೋ ಮೋಡ್ ಇದ್ಯಲ್ಲ, ಅದು ನೋಡೋರಿಂದ ಕ್ಲೌಡ್‌ಫ್ಲೇರ್ ತನಕ ಬೀಗ ಹಾಕುತ್ತೆ, ಅಲ್ಲಿಂದ ನಿಮ್ಮ ಸರ್ವರಿಗೆ ಬಾಗ್ಲು ತೆಗ್ದೇ ಇರುತ್ತೆ. ನಿಮ್ಮ ಸರ್ವರ್ ಎಚ್‌ಟಿಟಿಪಿಎಸ್ಸಿಗೆ ಬಾ ಅಂತ ರೀಡೈರೆಕ್ಟ್ ಮಾಡ್ತಿದ್ರೆ ಎರಡೂ ಸೇರಿ ಒಂದಕ್ಕೊಂದು ದೂಡ್ಕೊಂಡು "ಟೂ ಮೆನಿ ರೀಡೈರೆಕ್ಟ್ಸ್" ಅಂತ ನಿಂತೋಗುತ್ತೆ. ಸರ್ವರಲ್ಲೂ ಸರ್ಟಿಫಿಕೇಟ್ ಹಾಕಿ "ಫುಲ್ ಸ್ಟ್ರಿಕ್ಟ್" ಇಡಿ.

ಎಲ್ಲಾ ಸರಿ ಹೋದ ಖುಷೀಲಿ ಎಚ್‌ಎಸ್‌ಟಿಎಸ್ ಹೆಡರ್ (ಇನ್ನು ಇಷ್ಟು ದಿನ ಎಚ್‌ಟಿಟಿಪಿಎಸ್ಸಲ್ಲೇ ಬಾ ಅಂತ ಸರ್ವರ್ ಬ್ರೌಸರಿಗೆ ಹೇಳೋ ಸಾಲು) ಹಾಕೋಕೆ ಹೊರಡ್ಬೇಡಿ. ಅದನ್ನ ಒಂದ್ಸಲ ನೋಡಿದ ಬ್ರೌಸರು ಆ ಅವಧಿ ಮುಗಿಯೋವರೆಗೂ ಎಚ್‌ಟಿಟಿಪಿಗೆ ಹೋಗಲ್ಲ, ಸರ್ಟಿಫಿಕೇಟ್ ಕೆಟ್ರೆ "ಆದ್ರೂ ಮುಂದೆ ಹೋಗಿ" ಅನ್ನೋ ಲಿಂಕೂ ಕೊಡಲ್ಲ. ಇಂಟರ್ನೆಟ್ಟಲ್ಲಿ ಕಾಪಿ ಹೊಡ್ಯೋಕೆ ಸಿಗೋ ಸಾಲಲ್ಲಿ 31536000 ಅಂತ ಇರುತ್ತೆ, ಅದು ಸೆಕೆಂಡ್ ಲೆಕ್ಕ, ಪೂರ್ತಿ ಒಂದು ವರ್ಷ. ಮೊದ್ಲು 300 ಹಾಕಿ ಒಂದ್ವಾರ ನೋಡಿ, ಆಮೇಲೆ ಏರ್ಸಿ. ಡಾಟ್ ಡೆವ್, ಡಾಟ್ ಆ್ಯಪ್ ಡೊಮೇನ್ ಇದ್ರೆ ನಿಮಗೆ ಆಯ್ಕೆನೇ ಇಲ್ಲ, ಅವು ಪೂರ್ತಿ ಬ್ರೌಸರೊಳಗೇ ಇರೋ ಎಚ್‌ಎಸ್‌ಟಿಎಸ್ ಪಟ್ಟಿಗೆ ಸೇರಿವೆ.

ಹಂತ 6: ಪೂರ್ತಿ ಕೆಂಪು ಪೇಜ್

ಇದು ಬಂದ್ರೆ ಬಹುಪಾಲು ಸೈಟಿಗೆ ಯಾರೋ ನುಗ್ಗಿದಾರೆ. "ನಂಗೇನೂ ಕಾಣ್ತಿಲ್ಲ" ಅನ್ಬೇಡಿ, ಗೂಗಲಲ್ಲಿ ಹುಡ್ಕಿ ಮೊಬೈಲಿಂದ ಬಂದೋರಿಗೆ ಮಾತ್ರ ಕೆಟ್ಟ ಪೇಜ್ ತೋರ್ಸಿ, ಓನರಿಗೆ ಒಳ್ಳೇದನ್ನೇ ತೋರ್ಸೋ ಥರ ಬರ್ದಿರ್ತಾರೆ. ಗೂಗಲ್ ಸರ್ಚ್ ಕನ್ಸೋಲಲ್ಲಿ ಸೈಟ್ ನಿಮ್ದೇ ಅಂತ ಸಾಬೀತು ಮಾಡಿ "ಸೆಕ್ಯುರಿಟಿ ಇಶ್ಯೂಸ್" ನೋಡಿ, ಏನ್ ಸಿಕ್ತು ಅಂತ ಇರುತ್ತೆ, ಕೆಲವೊಮ್ಮೆ ಯಾವ ಪೇಜ್ ಅಂತಾನೂ ಉದಾಹರಣೆ ಕೊಟ್ಟಿರ್ತಾರೆ.

ಮೊದ್ಲು ಹೋಸ್ಟಿಂಗು, ಎಫ್‌ಟಿಪಿ, ವರ್ಡ್‌ಪ್ರೆಸ್, ಡೇಟಾಬೇಸು ಎಲ್ಲದರ ಪಾಸ್‌ವರ್ಡ್ ಬದಲಾಯ್ಸಿ. ಯೂಸರ್ಸ್ ಪಟ್ಟೀಲಿ ಗೊತ್ತಿಲ್ಲದ ಅಡ್ಮಿನ್ ಇದಾನಾ ನೋಡಿ. ಆಮೇಲೆ ಅಪ್‌ಲೋಡ್ಸ್ ಫೋಲ್ಡರಿಗೆ ಹೋಗಿ, ಅಲ್ಲಿ ಫೋಟೋ ಪಿಡಿಎಫ್ ಇರ್ಬೇಕೇ ಹೊರತು ಪಿಎಚ್‌ಪಿ ಫೈಲ್ ಇರೋಕೆ ಸಾಮಾನ್ಯವಾಗಿ ಕಾರಣನೇ ಇಲ್ಲ, ಸಿಕ್ರೆ ಕಳ್ಳ ಸಿಕ್ಕ ಹಾಗೆ. ಎಚ್‌ಟಿ ಆ್ಯಕ್ಸೆಸ್ ಫೈಲಲ್ಲಿ ನೀವು ಬರೀದೆ ಇರೋ ರೀಡೈರೆಕ್ಟ್ ಇದ್ಯಾ ನೋಡಿ. ವರ್ಡ್‌ಪ್ರೆಸ್ ಕೋರ್, ಪ್ಲಗಿನ್, ಥೀಮ್ ಎಲ್ಲಾ ಡಿಲೀಟ್ ಮಾಡಿ ಹೊಸದಾಗಿ ಇಳಿಸ್ಕೊಂಡು ಹಾಕಿ, ತೇಪೆ ಹಾಕೋಕೆ ಹೋಗ್ಬೇಡಿ. ದುಡ್ಡಿನ ಥೀಮನ್ನ ಎಲ್ಲೋ ಫ್ರೀಯಾಗಿ ಇಳಿಸ್ಕೊಂಡಿದ್ರೆ ರೋಗ ಬಂದಿದ್ದು ಅಲ್ಲಿಂದ್ಲೇ ಅಂತ ನನ್ನ ಅನುಮಾನ ಮೊದ್ಲು ಹೋಗೋದು.

ಪೂರ್ತಿ ಕ್ಲೀನ್ ಆಯ್ತು ಅನ್ಸಿದ್ಮೇಲೆ ಮಾತ್ರ "ರಿಕ್ವೆಸ್ಟ್ ರಿವ್ಯೂ" ಒತ್ತಿ, ಏನ್ ಸಿಕ್ತು, ಏನ್ ತೆಗೆದ್ರಿ ಅಂತ ನಾಲ್ಕು ಸಾಲು ಬರೀರಿ. ಫಿಶಿಂಗ್ ಆಗಿದ್ರೆ ಒಂದು ದಿನದ ಸುಮಾರಿಗೆ, ಮಾಲ್‌ವೇರ್ ಆಗಿದ್ರೆ ಕೆಲವು ದಿನಕ್ಕೆ ಉತ್ತರ ಬರುತ್ತೆ, ಸ್ಪ್ಯಾಮ್ ಪೇಜ್ ತುಂಬ್ಸಿದ್ರೆ ವಾರಗಟ್ಲೆ ಹಿಡೀಬಹುದು. ಕ್ಲೀನ್ ಮಾಡಿ ಮತ್ತೆ ಮತ್ತೆ ಸಿಕ್ಕಿಹಾಕ್ಕೊಂಡ್ರೆ ರಿಪೀಟ್ ಅಫೆಂಡರ್ ಅಂತ ಹಾಕಿ 30 ದಿನ ರಿವ್ಯೂ ಕೇಳೋ ಹಾಗೇ ಇಲ್ಲ ಮಾಡ್ತಾರೆ.

ಮುಂದೆ ಬರ್ದೇ ಇರೋಕೆ

ಸರ್ಟಿಫಿಕೇಟ್ ಮುಗೀತಾ ಬಂತು ಅಂತ ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಮೇಲ್ ಕಳ್ಸ್ತಿತ್ತು, 2025ರ ಜೂನಿಂದ ಅದನ್ನ ನಿಲ್ಲಿಸಿದಾರೆ, ಇನ್ನೂ ಆ ಮೇಲ್ ನಂಬ್ಕೊಂಡು ಕೂತೋರಿದ್ರೆ ಎದ್ದೇಳಿ. ದುಡ್ಡು ಕೊಟ್ಟು ವರ್ಷಕ್ಕೊಂದ್ಸಲ ಸರ್ಟಿಫಿಕೇಟ್ ತಗೊಂಡು ಕೈಯಾರೆ ಹಾಕೋರ ಕಾಲನೂ ಮುಗೀತಿದೆ, ಬ್ರೌಸರ್ ಕಂಪನಿಗಳು ಸರ್ಟಿಫಿಕೇಟ್ ಕಂಪನಿಗಳು ಸೇರಿ 2025ರ ಏಪ್ರಿಲಲ್ಲಿ ತೀರ್ಮಾನ ಮಾಡಿರೋ ಪ್ರಕಾರ 398 ದಿನ ಇದ್ದಿದ್ದು 2026ರ ಮಾರ್ಚ್ 15ರಿಂದ 200, 2027ರ ಮಾರ್ಚಿಂದ 100, 2029ರ ಮಾರ್ಚಿಂದ 47 ದಿನ. ವರ್ಷಕ್ಕೆ ಎಂಟು ಸಲ ಕೈಯಲ್ಲಿ ಮಾಡೋಕಾಗಲ್ಲ, ಇವಾಗ್ಲೇ ಆಟೋ ರಿನ್ಯೂ ಮಾಡ್ಕೊಳ್ಳಿ. ಜೊತೆಗೆ ಎಕ್ಸ್‌ಪೈರಿ ನೋಡಿ ಮೇಲ್ ಮಾಡೋ ಫ್ರೀ ಮಾನಿಟರ್ ಯಾವ್ದಾದ್ರೂ ಒಂದಕ್ಕೆ ಸೇರ್ಸಿಡಿ, 20 ದಿನ ಇರೋವಾಗ ಕೂಗು ಅಂತ ಹಾಕಿ, ಯಾಕಂದ್ರೆ ಎಲ್ಲಾ ಸರಿ ಇದ್ರೆ 90 ದಿನದ ಸರ್ಟಿಫಿಕೇಟು 30ಕ್ಕಿಂತ ಕೆಳಗೆ ಇಳೀಲೇಬಾರ್ದು.

ನಾನು ಇದ್ರ ಮೇಲೆ ಇನ್ನೊಂದು ಮಾಡ್ತೀನಿ, ಡಿಎನ್‌ಎಸ್ ಮುಟ್ಟಿದ ದಿನ ದಾವಣಗೆರೆಗೆ ಒಂದು ಮೆಸೇಜ್ ಹಾಕ್ತೀನಿ, "ವೈಫೈ ಆಫ್ ಮಾಡಿ ನನ್ ಸೈಟ್ ತೆಗಿ, ಏನಾದ್ರೂ ಬಂದ್ರೆ ಕೆಳಗಿರೋ ಸಣ್ಣಕ್ಷರ ಸೇರ್ಸಿ ಫೋಟೋ ಕಳ್ಸು" ಅಂತ. "ಕ್ಯಾಶ್ ಕ್ಲಿಯರ್ ಮಾಡ್ಲಾ ಅಣ್ಣ" ಅಂತ ಪ್ರತಿ ಸಲ ಕೇಳ್ತಾನೆ.